ಹುಳಿ ಹಾಕದ ಹಿಟ್ಟು

ಮೊದಲನೆಯ ಸಲ ಹಿಟ್ಟು ಉಬ್ಬಿದಾಗ ರೊಟ್ಟಿಯಕ್ಕ ತನ್ನ ಕಣ್ಣನ್ನೇ ಬೈದುಕೊಂಡಳು. ಅರವತ್ತು ದಾಟಿದ ಕಣ್ಣು, ಇಲ್ಲದ್ದನ್ನು ತೋರಿಸಿದರೂ ತೋರಿಸೀತು. ತೋಳಿನಿಂದ ಹಣೆ ಒರೆಸಿಕೊಂಡು ಮತ್ತೆ ನೋಡಿದಳು. ಅಗಲ ಬಾಯಿಯ ಬೋಗುಣಿಯ ಮೇಲೆ ಹಾಸಿದ್ದ ಒದ್ದೆ ಬಟ್ಟೆ ಚಪ್ಪಟೆಯಾಗಿ ಬಿದ್ದಿರಬೇಕಿತ್ತು. ಅದು ನಡುವೆ ಎದ್ದು ನಿಂತಿತ್ತು, ಒಳಗೆ ಯಾರೋ ಮಂಡಿ ಮಡಚಿ ಮಲಗಿದ್ದಾರೇನೋ ಅನ್ನುವ ಹಾಗೆ.

ಅವಳನ್ನು ಊರೆಲ್ಲ ರೊಟ್ಟಿಯಕ್ಕ ಎಂದು ಕರೆಯುವುದಕ್ಕೆ ಕಾರಣವಿತ್ತು. ಆ ಬೀದಿಯ ಕೊನೆಯ ಚರ್ಚಿನಲ್ಲಿ ಪ್ರತಿ ಭಾನುವಾರ ಕರ್ತನ ಮೇಜಿಗೆ ಇಟ್ಟು, ಪಾದ್ರಿ ಪ್ರಾರ್ಥಿಸಿ ಮುರಿದು ಎಲ್ಲರಿಗೂ ಹಂಚುವ ರೊಟ್ಟಿ ಅವಳ ಕೈಯದು. ಒಂಬತ್ತು ವರ್ಷದ ಹಿಂದಿನವರೆಗೆ ಅದು ಅವಳ ಅಮ್ಮನ ಕೈಯದಾಗಿತ್ತು. ಹಿಟ್ಟು, ನೀರು, ಉಪ್ಪು, ಇಷ್ಟೇ. ಹಿಟ್ಟನ್ನು ಉಬ್ಬಿಸುವ ಹುಳಿಯೆಂಬುದು ಆ ಮನೆಯ ಬಾಗಿಲಿನೊಳಕ್ಕೆ ಬಂದದ್ದಿಲ್ಲ. ಹುಳಿ ಎಂದರೆ ಪಾಪದ ಗುರುತು, ಚಿಟಿಕೆಯಷ್ಟು ಬಿದ್ದರೂ ಇಡೀ ಮುದ್ದೆಗೆ ಹಬ್ಬುತ್ತದೆ ಎಂದು ಅಮ್ಮ ಅಂಗಡಿಯ ಬ್ರೆಡ್ಡನ್ನು ಕೂಡ ಮನೆಗೆ ತರಗೊಡುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ನಾದಬೇಕು, ಒಂದು ಗಂಟೆ ಬಟ್ಟೆ ಮುಚ್ಚಿ ಬಿಡಬೇಕು, ಲಟ್ಟಿಸಿ ಇಟ್ಟಿಗೆಯ ಒಲೆಯಲ್ಲಿ ಸುಡಬೇಕು. ಹಾಗೆ ಸುಟ್ಟ ರೊಟ್ಟಿ ತೆಳ್ಳಗೆ, ಗಟ್ಟಿಯಾಗಿ, ಮುರಿದರೆ ಲಟಕ್ಕೆನ್ನುವಂತೆ ಇರುತ್ತಿತ್ತು.

ಅದು ಉಬ್ಬುವ ಹಿಟ್ಟಲ್ಲ. ಉಬ್ಬುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ರೊಟ್ಟಿಯಕ್ಕ ಬಟ್ಟೆ ಎತ್ತಿ ಬೆರಳಿನಿಂದ ಮುಟ್ಟಿದಳು. ಹಿಟ್ಟು ಬೆಚ್ಚಗಿತ್ತು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಬೆರಳು ಒತ್ತಿದಲ್ಲಿ ಗುಳಿ ಬಿತ್ತು, ಅವಳು ನೋಡುತ್ತಿದ್ದಂತೆ ಆ ಗುಳಿ ನಿಧಾನವಾಗಿ ತುಂಬಿಕೊಂಡಿತು. ಕೈಯನ್ನು ಸರಕ್ಕನೆ ಹಿಂದಕ್ಕೆಳೆದು ಅವಳು ಗೋಡೆಯ ಕಡೆ ತಿರುಗಿದಳು. ಅಲ್ಲಿ ಹಲಗೆ ಇತ್ತು.

ಕಪ್ಪು ಬಳಿದ, ಒಂದು ಮಾರು ಎತ್ತರದ ಹಲಗೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಮ್ಮನ ಕೈಬರಹದ ಹತ್ತೊಂಬತ್ತು ನಿಯಮಗಳು. ಅಮ್ಮ ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಹಾಗಾಗಿ ಅವಳ ಅಕ್ಷರಗಳು ಗೋಡೆ ಹಿಡಿದುಕೊಂಡು ನಡೆಯುವ ಮುದುಕಿಯರ ಹಾಗೆ ಒಂದಕ್ಕೊಂದು ಒರಗಿಕೊಂಡಿದ್ದವು. ಕೈಯನ್ನು ಮೊಣಕೈವರೆಗೆ ಮೂರು ಸಲ ತೊಳೆಯಬೇಕು. ನಾದುವಾಗ ಮಾತಾಡಬಾರದು. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಒಳಗೆ ಬರಬಾರದು. ರೊಟ್ಟಿ ಭಾನುವಾರಕ್ಕೆ ಮುಂಚೆ ಹೊರಗೆ ಹೋಗಬಾರದು. ಹೀಗೆ ಸಾಗಿ, ಕೊನೆಯದು: ಒಂದು ಮುರಿದರೆ ಎಲ್ಲವೂ ಮುರಿದ ಹಾಗೆ, ಹಿಟ್ಟು ಎಸೆದು ಮೊದಲಿನಿಂದ ಶುರುಮಾಡಬೇಕು.

"ಇಷ್ಟನ್ನೂ ಪಾಲಿಸಿದವಳು ತೀರ್ಪಿನ ದಿನ ದೇವರ ಮುಂದೆ ತಲೆ ಎತ್ತಿ ನಿಲ್ತಾಳೆ," ಎಂದು ಅಮ್ಮ ಹೇಳುತ್ತಿದ್ದಳು. ರೊಟ್ಟಿಯಕ್ಕ ತನ್ನ ಬಾಳನ್ನೆಲ್ಲ ಆ ಮಾತಿಗೆ ಕಟ್ಟಿಹಾಕಿಕೊಂಡಿದ್ದಳು. ಮದುವೆಯ ಮಾತು ಬಂದು ಹೋಯಿತು, ಅವಳು ಶನಿವಾರಗಳನ್ನು ಬಿಟ್ಟುಕೊಡಲಿಲ್ಲ.

ಒಂದರಿಂದ ಹತ್ತೊಂಬತ್ತರವರೆಗೆ ಬೆರಳಿಟ್ಟು ಓದಿದಳು. ಒಂದೂ ಮುರಿದಿರಲಿಲ್ಲ. ಹಿಟ್ಟನ್ನು ಹಿತ್ತಲಿನಲ್ಲಿ ಹೂತು, ಮತ್ತೆ ತೊಳೆದುಕೊಂಡು, ಮತ್ತೆ ನಾದಿದಳು. ಎರಡನೆಯದು ಸುಮ್ಮನೆ ಮಲಗಿತು. ಅವಳಿಗೆ ಉಸಿರು ಬಂತು. ಆದರೂ ಮನಸ್ಸು ತಡೆಯದೆ ಬಣ್ಣದ ಡಬ್ಬಿ ತೆರೆದು, ಹಲಗೆಯ ಬುಡದ ಅಂಚಿನಲ್ಲಿ ಸಣ್ಣಗೆ ಇಪ್ಪತ್ತನೆಯದನ್ನು ಬರೆದಳು: ಗೋಡೆಯಾಚೆ ರೋಗಿ ಇದ್ದರೆ ಕಿಟಕಿ ಮುಚ್ಚಬೇಕು.

ಗೋಡೆಯಾಚೆ ಇದ್ದವಳು ಅವಳ ತಂಗಿ.

ಮೂವತ್ತೇಳು ವರ್ಷದ ಮೇಲೆ ಆ ವಾರವಷ್ಟೇ ತಂಗಿ ಬಂದಿದ್ದಳು. ಕೈಯಲ್ಲಿ ಒಂದು ಚೀಲ, ಮೈಯಲ್ಲಿ ಮೂಳೆ ಬಿಟ್ಟರೆ ಜ್ವರ. ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಸಾರು ಕುದಿಸಿ ಬದುಕಿದವಳು, ಮದುವೆಯಾಗದೆ ಒಬ್ಬನ ಜೊತೆ ಇದ್ದವಳು, ಅವನು ಸತ್ತ ಮೇಲೆ ಒಬ್ಬಳೇ ಆದವಳು. ಹೊಟ್ಟೆಯಲ್ಲಿ ಗಡ್ಡೆ, ಇನ್ನು ಮಾಡುವುದು ಏನೂ ಇಲ್ಲ ಎಂದು ಡಾಕ್ಟರು ಚೀಟಿ ಬರೆದು ಕಳಿಸಿದ್ದರು.

"ಅಕ್ಕ, ಆ ಒಲೆ ಕೋಣೇಲಿ ಒಂದು ಮೂಲೆ ಕೊಡೆ," ಎಂದಿದ್ದಳು ಬಂದ ದಿನ. "ಅಲ್ಲಿ ಬೆಚ್ಚಗಿರುತ್ತೆ. ಮೈಯೆಲ್ಲ ಕೊರೀತಿದೆ."

ರೊಟ್ಟಿಯಕ್ಕ ಹಲಗೆಯ ಕಡೆ ನೋಡಿದಳು. ಹನ್ನೆರಡನೆಯದು ತಂಗಿಯ ಮೇಲೆಯೇ ಬರೆದದ್ದು. ತಂಗಿಗೆ ಹದಿನೇಳಿದ್ದಾಗ, ಒಂದು ಶನಿವಾರ ಮಧ್ಯಾಹ್ನ ಹಿಂಬಾಗಿಲಿಗೆ ಯಾರೋ ಬಟ್ಟೆ ಒಗೆಯುವ ಹೆಂಗಸು ಬಂದು ಹಸಿವು ಅಂದಿದ್ದಳು. ತಂಗಿ ಬಿಸಿ ಬಿಸಿ ಇದ್ದ ಕರ್ತನ ರೊಟ್ಟಿಯನ್ನು ಮುರಿದು ಕೊಟ್ಟಿದ್ದಳು. ಸಂಜೆಗೆ ಅಮ್ಮನಿಗೆ ಗೊತ್ತಾಯಿತು. ಮರುದಿನ ಹಲಗೆಯ ಮೇಲೆ ಹೊಸ ಸಾಲು ಕಂಡಿತು: ಮೇಜಿನ ರೊಟ್ಟಿ ಹೊರಗೆ ಕೊಟ್ಟವಳು ಈ ಕೋಣೆಗೆ ಕಾಲಿಡಬಾರದು. ಮುಂದಿನ ಶನಿವಾರದೊಳಗೆ ತಂಗಿ ಊರೇ ಬಿಟ್ಟಳು.

"ಆ ಕೋಣೆ ಬೇಡ. ಪಕ್ಕದ ಕೋಣೇಲಿ ಮಲಗು," ಎಂದಳು ರೊಟ್ಟಿಯಕ್ಕ. "ಇನ್ನೊಂದು ಕಂಬಳಿ ಕೊಡ್ತೀನಿ."

"ಹಲಗೆ ಇನ್ನೂ ಇದೆಯಾ?" ತಂಗಿ ನಕ್ಕಳು. "ಅಮ್ಮ ಹೋದಳು, ಹಲಗೆ ಹೋಗಲಿಲ್ಲ. ಗಟ್ಟಿ ಮರ."

ಇದಾದ ಮೂರನೆಯ ದಿನಕ್ಕೆ ಹಿಟ್ಟು ಉಬ್ಬಿತ್ತು.

ಎರಡನೆಯ ಶನಿವಾರ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ ನಾದಿದಳು. ಎರಡು ಸಲ ಉಬ್ಬಿತು, ಎರಡು ಸಲ ಹೂತಳು. ಮೂರನೆಯದನ್ನು ಮುಚ್ಚಿಡದೆ ಹೆದರಿ ಹೆದರಿಯೇ ಸುಟ್ಟು ಕಳಿಸಿದಳು. ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಯವರು ದವಡೆ ಸವರಿಕೊಂಡು ಬಂದರು. "ಈ ವಾರ ರೊಟ್ಟಿ ಮೆತ್ತಗಿತ್ತಲ್ಲ ಅಕ್ಕ. ನನ್ನ ಹಲ್ಲಿನ ಮೇಲೆ ಕರುಣೆ ಬಂತಾ?" ಎಂದು ಅವರು ನಕ್ಕರೆ, ಅವಳ ಮುಖ ಸುಣ್ಣದ ಹಾಗಾಯಿತು. ಮನೆಗೆ ಬಂದವಳೇ ಇಪ್ಪತ್ತೊಂದನ್ನು ಬರೆದಳು: ಶುಕ್ರವಾರ ಸಂಜೆಯಿಂದ ರೊಟ್ಟಿ ಮುಗಿಯುವವರೆಗೆ ಗೋಡೆಯಾಚೆಯ ರೋಗಿಯೊಡನೆ ಮಾತಾಡಬಾರದು.

ಬಣ್ಣ ಒಣಗುವ ಮೊದಲೇ ಒಲೆಯ ಬೂದಿಯ ಹತ್ತಿರ ಏನೋ ನಿಟ್ಟುಸಿರು ಬಿಟ್ಟ ಹಾಗಾಯಿತು. ಅವಳು ತಿರುಗಿದಳು. ಖಾಲಿ ಬೋಗುಣಿ ಬೋರಲಾಗಿ ಬಿದ್ದಿತ್ತು, ಅಷ್ಟೇ.

ಮೂರನೆಯ ಶುಕ್ರವಾರ ಸಂಜೆ ತಂಗಿಗೆ ಗಂಜಿ ತಂದಿಟ್ಟು, ಬಾಯಿ ಬಿಗಿದುಕೊಂಡು ತಿರುಗಿ ಹೊರಟಳು.

"ಏನಕ್ಕ, ಮೂಗಿಯಾದೆಯಾ?" ಎಂದಳು ತಂಗಿ. ಅಕ್ಕ ಕೈಯಿಂದ ಗೋಡೆಯಾಚೆ ತೋರಿಸಿದಳು. ತಂಗಿಗೆ ಅರ್ಥವಾಯಿತು. "ಆಯ್ತು. ಮಾತು ಬೇಡ. ನಾಳೆ ಪಾದ್ರಿ ನನಗೆ ರೊಟ್ಟಿ ಕೊಡೋಕೆ ಬರ್ತಾರಂತೆ. ಭಾನುವಾರದ ತನಕ ಇರೋದು ಕಷ್ಟ ಅಂತ ದಿನಾ ನೋಡೋಕೆ ಬರೋ ದಾದಿ ಹೇಳಿದಳು. ನಿನ್ನ ಕೈ ರೊಟ್ಟಿ ತಿಂದು ಹೋಗಬೇಕು ಅಂತ ಆಸೆ ಅಕ್ಕ. ಹದಿನೇಳರಿಂದ ತಿಂದಿಲ್ಲ ನಾನು. ಎಲ್ಲೂ ತಿಂದಿಲ್ಲ. ಯಾವ ಚರ್ಚಿಗೆ ಹೋದರೂ ಕೊನೇ ಬೆಂಚಲ್ಲಿ ಕೂತು ಎದ್ದು ಬರ್ತಿದ್ದೆ."

ರೊಟ್ಟಿಯಕ್ಕ ತಿರುಗಿ ಬಂದು ಗಂಜಿಯನ್ನು ತಂಗಿಯ ಕೈಗೆ ಹತ್ತಿರ ಸರಿಸಿದಳು. ಆದರೂ ಬಾಯಿ ತೆರೆಯಲಿಲ್ಲ. ನಾಳೆಯ ರೊಟ್ಟಿ ಶುದ್ಧವಾಗಿರಲಿ ಎಂದೇ, ಅವಳಿಗಾಗಿಯೇ ಸುಮ್ಮನಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಂಡಳು.

ಶನಿವಾರ ಬೆಳಿಗ್ಗೆ ಮೊದಲನೆಯ ಹಿಟ್ಟು ಅರ್ಧ ಗಂಟೆಗೇ ಬೋಗುಣಿಯ ಅಂಚು ಮೀರಿತು. ಹೂಳುವುದಕ್ಕೆ ಸಮಯವಿರಲಿಲ್ಲ. ಮೂಲೆಯ ಕಲ್ಲಿನ ತೊಟ್ಟಿಗೆ ಅದನ್ನು ಸುರಿದು, ಮೇಲೆ ಗೋಣಿ ಹಾಸಿದಳು. ಎರಡನೆಯದನ್ನು ನಾದುವಾಗ ಗೋಡೆಯ ಆಚೆಯಿಂದ ತಟ್ಟಿದ ಸದ್ದು ಬಂತು. ಟಕ್, ಟಕ್, ಟಕ್. ಚಿಕ್ಕವರಿದ್ದಾಗ ಬೇರೆ ಬೇರೆ ಕೋಣೆಯಲ್ಲಿ ಮಲಗಿಸಿದರೆ ಅವರಿಬ್ಬರೂ ಹೀಗೆಯೇ ಗೋಡೆ ತಟ್ಟಿ ಮಾತಾಡುತ್ತಿದ್ದರು. ಮೂರು ಸಲ ತಟ್ಟಿದರೆ ಬಾ ಎಂದರ್ಥ. ರೊಟ್ಟಿಯಕ್ಕ ಹಲ್ಲು ಕಚ್ಚಿ ನಾದಿದಳು. ಎರಡನೆಯದೂ ಉಬ್ಬಿತು. ಅದನ್ನೂ ತೊಟ್ಟಿಗೆ ಹಾಕಿದಳು. ಮುದ್ದೆಗಳೆರಡೂ ಒಂದಕ್ಕೊಂದು ತಾಗಿದ ಕೂಡಲೇ ನೀರಿನ ಹನಿಗಳು ಸೇರುವ ಹಾಗೆ ಸೇರಿ ಒಂದಾದವು.

ಮೂರನೆಯದಕ್ಕೆ ಬಟ್ಟೆ ಮುಚ್ಚಿ, ಅದರ ಎದುರೇ ಮಣೆ ಹಾಕಿಕೊಂಡು ಕುಳಿತಳು. ಕಣ್ಣು ಕೀಳಲಿಲ್ಲ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು, ಎಲ್ಲವೂ ದಿನದ ಹಾಗೇ ಇತ್ತು. ಬಟ್ಟೆ ಮೊದಲು ಸಣ್ಣಗೆ ಏರಿ ಇಳಿಯಿತು. ಮಲಗಿದವರ ಎದೆ ಏರಿಳಿಯುವಷ್ಟು. ಆಮೇಲೆ ಇಳಿಯುವುದನ್ನು ಬಿಟ್ಟು ಏರುತ್ತಲೇ ಹೋಯಿತು. ಹಿಟ್ಟಿನ ಹುಳಿವಾಸನೆಯ ಜೊತೆಗೆ ಅವಳಿಗೆ ಗುರುತಿದ್ದ ಇನ್ನೊಂದು ವಾಸನೆ ಬಂತು, ಹೊಗೆಯೂ ಬೆವರೂ ಸೇರಿದ ಅಮ್ಮನ ಕುತ್ತಿಗೆಯ ವಾಸನೆ. ಒದ್ದೆ ಬಟ್ಟೆಯ ಕೆಳಗಿನಿಂದ ಏನೋ ಒತ್ತಿತು. ಒಂದು, ಎರಡು, ಮೂರು, ನಾಲ್ಕು ಬೆರಳು. ಹೆಬ್ಬೆರಳು ಪಕ್ಕಕ್ಕೆ. ಕಿರುಬೆರಳು ಮಾತ್ರ ಒಳಕ್ಕೆ ಸೊಟ್ಟ.

ಅಮ್ಮನ ಬಲಗೈಯ ಕಿರುಬೆರಳು ಒಲೆಯ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು.

ರೊಟ್ಟಿಯಕ್ಕ ಕೂಗಲಿಲ್ಲ. ಕೂಗುವುದೂ ಹಲಗೆಯ ಪ್ರಕಾರ ಮಾತೇ. ಬೋಗುಣಿ ಎತ್ತಿ ಹಿಟ್ಟನ್ನು ಬಟ್ಟೆಯ ಸಮೇತ ತೊಟ್ಟಿಗೆ ಸುರಿದು, ಗೋಣಿ ಎಳೆದು, ಓಡಿ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಪಾದ್ರಿಯವರು ಅಂಗಳಕ್ಕೆ ಬರುತ್ತಿದ್ದರು, ಕಂಕುಳಲ್ಲಿ ದ್ರಾಕ್ಷಾರಸದ ಬಟ್ಟಲಿನ ಪೆಟ್ಟಿಗೆ.

"ನಾಲ್ಕಕ್ಕೆ ಅಂದಿದ್ದೆ, ದಾದಿ ಈಗಲೇ ಬನ್ನಿ ಅಂದಳು," ಎಂದರು. "ನಾಡಿ ಇಳೀತಿದೆಯಂತೆ. ರೊಟ್ಟಿ ಆಯ್ತಾ ಅಕ್ಕ?"

"ಆಗಿಲ್ಲ ಅಯ್ಯನವರೇ. ಮೂರು ಸಲ ಕೆಟ್ಟಿತು. ಇನ್ನು ಒಂದು ಬಟ್ಟಲು ಹಿಟ್ಟು ಮಾತ್ರ ಉಳಿದಿದೆ."

"ಇಲ್ಲದಿದ್ದರೆ ಬಿಡಿ. ಅಂಗಡಿಯಿಂದ ಒಂದು ಬಿಸ್ಕತ್ತು ತರಿಸಿ. ಗುಡಿಸಲುಗಳಲ್ಲಿ ಬಿಸ್ಕತ್ತು ಮುರಿದೂ ಕೊಟ್ಟಿದ್ದೀನಿ ನಾನು. ಕರ್ತ ಬೇಡ ಅಂದಿಲ್ಲ."

"ಬಿಸ್ಕತ್ತಾ!" ಅವಳಿಗೆ ಅಳು ಸಿಟ್ಟು ಎರಡೂ ಒಟ್ಟಿಗೆ ಬಂದವು. "ಅವಳು ಮೊದಲೇ ನಿಯಮ ಮುರಿದು ಹೋದವಳು. ಈಗ ಕೊನೇ ತುತ್ತೂ ಅಶುದ್ಧವಾದರೆ ಅವಳ ಗತಿ ಏನು? ಅವಳು ಎಲ್ಲಿಗೆ ಹೋಗಬೇಕು?"

ಪಾದ್ರಿ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ತಾವೂ ಕುಳಿತರು. "ಅಕ್ಕ, ನಿಯಮ ಕನ್ನಡಿ ಇದ್ದ ಹಾಗೆ. ಮುಖದ ಮೇಲಿನ ಮಸಿ ತೋರಿಸುತ್ತೆ. ಒಳ್ಳೇದೇ. ಆದರೆ ಮಸಿ ಹೋಗಲಿ ಅಂತ ಕನ್ನಡಿ ತಗೊಂಡು ಮುಖಕ್ಕೆ ಉಜ್ಜಿಕೊಂಡರೆ ಏನಾಗುತ್ತೆ? ತೊಳೆಯೋನು ಬೇರೆ ಇದ್ದಾನೆ."

"ಹಾಗಾದರೆ ನನ್ನಮ್ಮ? ಹತ್ತೊಂಬತ್ತೂ ಪಾಲಿಸಿದಳು. ಒಂದು ದಿನ ತಪ್ಪಲಿಲ್ಲ. ಅವಳು ಎಲ್ಲಿದ್ದಾಳೆ ಹೇಳಿ."

ಪಾದ್ರಿ ಹಲ್ಲುನೋವಿನ ದವಡೆಯನ್ನು ಒತ್ತಿಕೊಂಡರು. "ನನಗೆ ಗೊತ್ತಿಲ್ಲ. ಗೊತ್ತು ಅಂದರೆ ಸುಳ್ಳಾಗುತ್ತೆ. ನನಗೆ ಗೊತ್ತಿರೋದು ಇಷ್ಟೇ. ಅವರ ಹಾಸಿಗೆ ಪಕ್ಕ ರೊಟ್ಟಿ ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ದೆ. ಕೈ ಮೂರು ಸಲ ತೊಳೆಯೋಕೆ ಆಗಲಿಲ್ಲ, ಹಾಗಾಗಿ ತಿನ್ನೋ ಹಾಗಿಲ್ಲ ಅಂತ ಬಾಯಿ ಮುಚ್ಚಿಕೊಂಡೇ ಹೋದರು. ಕೈ ಮಾತ್ರ ಹೊದಿಕೆಯನ್ನ ನಾದುತ್ತಾ ಇತ್ತು. ನೀವೂ ನೋಡಿದ್ದೀರಿ."

ಅವಳು ನೋಡಿದ್ದಳು. ಆ ಕಣ್ಣುಗಳನ್ನೂ ನೋಡಿದ್ದಳು. ತಲೆ ಎತ್ತಿ ನಿಲ್ಲುತ್ತೇನೆ ಎಂದವಳ ಕಣ್ಣಾಗಿರಲಿಲ್ಲ ಅವು, ಮುಚ್ಚಿದ ಬಾಗಿಲಿನ ಎದುರು ನಿಂತವಳ ಕಣ್ಣಾಗಿದ್ದವು. ಒಂಬತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

"ನಾನು ಒಳಗೆ ಅವಳ ಹತ್ತಿರ ಕೂತಿರ್ತೀನಿ," ಎಂದು ಪಾದ್ರಿ ಎದ್ದರು. "ನೀವು ಏನು ತಂದರೂ ಸರಿ. ಬೇಗ ತನ್ನಿ."

ರೊಟ್ಟಿಯಕ್ಕ ಒಬ್ಬಳೇ ಕೋಣೆಗೆ ಬಂದಳು. ಕೊನೆಯ ಬಟ್ಟಲು ಹಿಟ್ಟು ಮೇಜಿನ ಮೇಲಿತ್ತು. ಎಲ್ಲೋ ಒಂದು ಕೊಳೆ ಉಳಿದಿದೆ, ತನ್ನ ಕಣ್ಣಿಗೆ ಬೀಳದ ಕೊಳೆ, ಅದನ್ನು ತೆಗೆದರೆ ಈ ಸಲ ಸರಿಹೋಗುತ್ತದೆ. ನೆಲ ಉಜ್ಜಿದ್ದಳು, ಕಿಟಕಿ ಉಜ್ಜಿದ್ದಳು, ಮೇಜಿನ ಕಾಲಿನ ಅಡಿ ಕೂಡ ಉಜ್ಜಿದ್ದಳು. ಉಜ್ಜದೆ ಉಳಿದದ್ದು ಹಲಗೆಯ ಹಿಂದಿನ ಗೋಡೆ ಒಂದೇ. ಅಮ್ಮ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಮಣೆಯ ಮೇಲೆ ನಿಂತು, ಮೊಳೆಯಿಂದ ಹಲಗೆಯನ್ನು ಇಳಿಸಿದಳು. ನೆಲಕ್ಕೆ ತಾಗಿಸಿ ತಿರುಗಿಸಿದಾಗ ಅದರ ಬೆನ್ನು ಕಂಡಿತು. ಬೆನ್ನಿನ ತುಂಬ ಬರಹ. ಸೀಸದಕಡ್ಡಿಯದು, ಅದೇ ಮುದುಕಿಯಂಥ ಅಕ್ಷರಗಳು, ಮೇಲಿನವು ಕಲಿತ ಹೊಸತರಲ್ಲಿ ಬರೆದವು, ದೊಡ್ಡವು.

'ಬಾಗಿಲಿಗೆ ಒಬ್ಬಳು ಬಂದಳು. ಕೈ ಕೊಳಕು ಅಂತ ಕಳಿಸಿದೆ. ಹಿಟ್ಟು ಉಬ್ಬಿತು. ಹೆದರಿಕೆ ಆಯಿತು. ಒಂದನೆಯದು ಬರೆದೆ.'

'ಮತ್ತೆ ಉಬ್ಬಿತು. ಎರಡು ಬರೆದೆ.'

'ಉಬ್ಬಿತು. ಮೂರು.'

ಅವಳು ನೆಲದ ಮೇಲೆಯೇ ಕುಳಿತುಬಿಟ್ಟಳು. ಬೆರಳು ಸಾಲು ಸಾಲಾಗಿ ಇಳಿಯಿತು. ಒಂದೊಂದು ನಿಯಮಕ್ಕೂ ಬೆನ್ನಲ್ಲಿ ಒಂದೊಂದು ಉಬ್ಬು. ಹನ್ನೆರಡನೆಯದರ ಹಿಂದೆ ಬರೆದಿತ್ತು: 'ಚಿಕ್ಕವಳನ್ನು ಕಳಿಸಿದೆ. ಆದರೂ ಉಬ್ಬಿತು. ಇನ್ನು ಮೇಲೆ ಬಾಗಿಲು ಹಾಕಿಕೊಂಡು ನಾದುತ್ತೇನೆ. ದೊಡ್ಡವಳಿಗೆ ಕಾಣಬಾರದು.' ಕೊನೆಯದು, ನಡುಗುವ ಕೈಯದು, ಅಂಚಿಗೆ ಒತ್ತಿಕೊಂಡಿತ್ತು: 'ಹತ್ತೊಂಬತ್ತು ಆಯಿತು. ಇನ್ನೂ ಉಬ್ಬುತ್ತಿದೆ. ಬರೆಯಲು ಜಾಗ ಇಲ್ಲ.'

ರೊಟ್ಟಿಯಕ್ಕ ತಲೆ ಎತ್ತಿದಳು. ಹಲಗೆ ಮರೆಮಾಡಿದ್ದ ಗೋಡೆಯ ಚೌಕದಲ್ಲಿ ಹಳೆಯ ಸುಣ್ಣ ಹಾಗೇ ಬೆಳ್ಳಗಿತ್ತು. ಅದರ ಮೇಲೆ ಇದ್ದಿಲಿನಿಂದ, ಅಕ್ಷರ ಕಲಿತ ಮೊದಲ ವಾರದ್ದೇನೋ ಎನ್ನುವಂಥ ಕೈಯಲ್ಲಿ, ಬರೆದಿತ್ತು: 'ಹಿಟ್ಟು ಆರು ಹಿಡಿ. ನೀರು. ಉಪ್ಪು. ಕೈ ತೊಳಿ. ಬಂದವರಿಗೆ ಕೊಡು.'

ಇಪ್ಪತ್ತು, ಇಪ್ಪತ್ತೊಂದು ಎಂದು ತಾನೇ ಬರೆದ ಸಾಲುಗಳು ಅವಳಿಗೆ ನೆನಪಾದವು. ಎರಡೂ ಹಾಸಿಗೆಯ ಮೇಲಿದ್ದವಳನ್ನು ದೂರ ಇಡುವ ಸಾಲುಗಳೇ. ಅದಕ್ಕೂ ಹಿಂದಿನದೊಂದು ನೆನಪಾಯಿತು, ಹನ್ನೊಂದನೆಯದು: ತಪ್ಪು ಕಂಡೂ ಹೇಳದವಳು ತಪ್ಪಿನಲ್ಲಿ ಪಾಲುಗಾರಳು. ಮೂವತ್ತೇಳು ವರ್ಷದ ಹಿಂದೆ ಹಿಂಬಾಗಿಲಿನ ಸಂದಿಯಿಂದ ನೋಡಿ, ಅಮ್ಮನಿಗೆ ಹೇಳಿದವಳು ಅವಳೇ. ಆ ದಿನ ಒಂದು ನಿಯಮವನ್ನೂ ಮುರಿದಿರಲಿಲ್ಲ ಅವಳು. ಅಚ್ಚುಕಟ್ಟಾಗಿ ಪಾಲಿಸಿದ್ದಳು.

ಟಕ್, ಟಕ್, ಟಕ್.

ಅವಳು ಹಿಟ್ಟಿನ ಬಟ್ಟಲನ್ನು ಎದೆಗವಚಿಕೊಂಡು ಪಕ್ಕದ ಕೋಣೆಗೆ ಓಡಿದಳು. ಕೈ ತೊಳೆದದ್ದು ಒಂದು ಸಲವೋ ಅದೂ ಇಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಬಂದೆ ಕಣೇ, ಬಂದೆ. ತಟ್ಟಿದ್ದು ಕೇಳಿಸಿತು."

ತಂಗಿ ಕಣ್ಣು ತೆರೆದಳು. "ಎಂಥ ತಟ್ಟೋದು? ಕೈ ಎತ್ತೋಕೇ ಆಗ್ತಿಲ್ಲ ನಂಗೆ. ನೀನು ಮಾತಾಡ್ತಿದ್ದೀಯಲ್ಲ! ಶನಿವಾರ ಅಲ್ವಾ ಇವತ್ತು?"

ರೊಟ್ಟಿಯಕ್ಕ ಪಾದ್ರಿಯ ಮುಖ ನೋಡಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಯಾರೂ ಗೋಡೆ ಮುಟ್ಟಿರಲಿಲ್ಲ. ಆದರೆ ನಿಂತು ಹೆದರುವಷ್ಟು ಪುರುಸೊತ್ತಿರಲಿಲ್ಲ.

"ಅಯ್ಯನವರೇ, ಆ ಕಡೆ ಹಿಡೀರಿ. ಇವಳನ್ನ ಒಲೆ ಕೋಣೆಗೆ ಒಯ್ಯಬೇಕು."

ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಎತ್ತಿದರು. ಹಕ್ಕಿಯಷ್ಟು ಭಾರ. ಬಾಗಿಲ ಹತ್ತಿರ ಬಂದಾಗ ತಂಗಿ ಕಾಲನ್ನು ಮೇಲಕ್ಕೆಳೆದುಕೊಂಡಳು. "ಅಕ್ಕ, ಹನ್ನೆರಡನೇದು."

"ಗೊತ್ತು ಸುಮ್ಮನಿರೇ."

ನೆಲ ಕೊರೆಯುತ್ತಿತ್ತು. ರೊಟ್ಟಿಯಕ್ಕ ಸುತ್ತ ನೋಡಿ, ಹಲಗೆಯನ್ನು ಎಳೆದು ತಂಗಿಯ ಕಾಲಡಿಗೆ ಹಾಸಿದಳು. ಒಲೆ ಹೊತ್ತಿಸಿದಳು. ಬೋಗುಣಿಯನ್ನು ತಂಗಿಯ ತೊಡೆಯ ಮೇಲಿಟ್ಟು ಹಿಟ್ಟು, ನೀರು ಸುರಿದಳು. ತಂಗಿಯ ಉಗುರುಗಳಲ್ಲಿ ಔಷಧಿಯ ಹಳದಿ ಇತ್ತು, ಅದನ್ನು ಕಂಡೂ ಅವಳ ಕೈಯನ್ನು ಹಿಡಿದು ಹಿಟ್ಟಿನೊಳಗೆ ಇಳಿಸಿದಳು. ನಾಲ್ಕು ಕೈ ಒಂದೇ ಬೋಗುಣಿಯಲ್ಲಿ ನಾದಿದವು.

"ಅಮ್ಮನಿಗೆ ಹೇಳಿದ್ದು ನಾನು," ಎಂದಳು ರೊಟ್ಟಿಯಕ್ಕ, ತಲೆ ಎತ್ತದೆ.

"ಗೊತ್ತು."

"ಹೇಗೆ ಗೊತ್ತು?"

"ಬಾಗಿಲ ಸಂದೀಲಿ ನಿನ್ನ ಕಾಲು ಕಾಣ್ತಿತ್ತು. ಆ ಅಗಲ ಪಾದ ಈ ಊರಲ್ಲಿ ಇನ್ಯಾರಿಗಿದೆ?" ತಂಗಿ ನಕ್ಕು, ಕೆಮ್ಮಿ, ಮತ್ತೆ ನಕ್ಕಳು. "ಹೋಗಲಿ ಬಿಡೆ. ನೀರು ಜಾಸ್ತಿ ಹಾಕಿದ್ದೀಯ. ಕ್ಯಾಂಟೀನಲ್ಲಿ ಹೀಗೆ ಮಾಡಿದ್ದರೆ ಸೌಟಲ್ಲಿ ಹೊಡೀತಿದ್ದರು."

"ನೀನು ಹೊಡಿ."

"ಕೈಯಲ್ಲಿ ಶಕ್ತಿ ಇದ್ದಿದ್ದರೆ ಹೊಡೀತಿದ್ದೆ."

ಅವಳು ಹಿಟ್ಟಿಗೆ ಬಟ್ಟೆ ಮುಚ್ಚಲಿಲ್ಲ. ಉಬ್ಬುತ್ತದೋ ಇಲ್ಲವೋ ಎಂದು ಕಾಯಲಿಲ್ಲ. ಉಬ್ಬಿದರೂ ಅದೇ ರೊಟ್ಟಿ ಎಂದು ಲಟ್ಟಿಸಿ ಒಲೆಗೆ ಹಾಕಿದಳು. ಅಂಚು ಸ್ವಲ್ಪ ಸೀದಿತು. ಪಾದ್ರಿಯವರು ರೊಟ್ಟಿಯನ್ನು ಎತ್ತಿ, ಹೇಳುವುದನ್ನು ಹೇಳಿ, ಮುರಿದರು. ತಂಗಿ ಬಾಯಿ ತೆರೆಯಲಿಲ್ಲ. ತನ್ನ ಹಳದಿ ಉಗುರುಗಳನ್ನು ನೋಡಿಕೊಂಡಳು, ಆಮೇಲೆ ಅಕ್ಕನನ್ನು. ರೊಟ್ಟಿಯಕ್ಕನಿಗೆ ಅಮ್ಮನ ಬಿಗಿದ ತುಟಿಗಳು ಕಣ್ಣಿಗೆ ಕಟ್ಟಿದವು.

"ತಿನ್ನೇ," ಎಂದಳು. "ಬಂದವರಿಗೆ ಕೊಡೋಕೆ ಮಾಡಿದ್ದು ಅದು. ಬೇರೆ ಏನೂ ಇಲ್ಲ."

ತಂಗಿ ಬಾಯಿ ತೆರೆದಳು. ಬಹಳ ಹೊತ್ತು ಅಗಿದಳು. ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ನಿಂತಿತು.

"ಉಪ್ಪು ಮರೆತಿದ್ದೀಯ," ಎಂದಳು.

ಪಾದ್ರಿಯವರಿಗೂ ನಗು ತಡೆಯಲಾಗಲಿಲ್ಲ. ದ್ರಾಕ್ಷಾರಸದ ಬಟ್ಟಲನ್ನು ಅವಳ ತುಟಿಗೆ ಹಿಡಿದು, ಅಕ್ಕನಿಗೂ ಕೊಟ್ಟು, ನಾಳೆಯ ಆರಾಧನೆಗೆ ಉಳಿದದ್ದನ್ನು ಚಿಕ್ಕ ಚಿಕ್ಕದಾಗಿ ಮುರಿದರಾಯಿತು ಎಂದು ಹೇಳಿ ಅವರು ಹೊರಟರು. ಹೊರಡುವಾಗ ಮೂಲೆಯ ತೊಟ್ಟಿಯ ಕಡೆ ಒಮ್ಮೆ ನೋಡಿದರು.

ಒಲೆಯ ಶಾಖಕ್ಕೆ ತಂಗಿಯ ಕೆನ್ನೆಗೆ ಬಣ್ಣ ಬಂದಿತ್ತು. ಕಾಲು ಹಲಗೆಯ ಮೇಲೆ, ತಲೆ ಅಕ್ಕನ ತೋಳಿನ ಮೇಲೆ. ಸಂಜೆಯ ಬಿಸಿಲು ಕಿಟಕಿಯಿಂದ ತೊಟ್ಟಿಯವರೆಗೆ ಬಂತು. ಗೋಣಿ ಏರಿತು, ಇಳಿಯಿತು.

"ಅಕ್ಕ."

"ಹೂಂ."

"ಅಲ್ಲಿ ಅಮ್ಮ ಇದ್ದಾಳೆ." ಇದ್ದಿಲಿನ ಬುಟ್ಟಿ ಅಲ್ಲಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು ತಂಗಿ.

ರೊಟ್ಟಿಯಕ್ಕ ಗೋಣಿಯ ಕಡೆ ನೋಡಿ, "ಹೌದು," ಎಂದಳು.

"ಗೋಡೆ ತಟ್ಟಿದ್ದು ಅವಳೇ ಇರಬೇಕು. ಅವಳಿಗೆ ಕೊಡಲಿಲ್ವಾ?"

ರೊಟ್ಟಿಯಕ್ಕ ಎದ್ದು ಹೋಗಿ ಗೋಣಿ ಸರಿಸಿದಳು. ಮೂರು ಮುದ್ದೆಯೂ ಸೇರಿದ ಆ ಹಿಟ್ಟು ಈಗ ಕುಗ್ಗಿತ್ತು, ಗಾಳಿ ಹೋದ ಹಾಗೆ. ಅದರ ನಡುವೆ ಕೈ ಮೂಡಿತ್ತು. ಬೆಳಿಗ್ಗೆ ಬಟ್ಟೆಯನ್ನು ಒತ್ತಿದಾಗಿನಂತೆ ಬೆರಳು ಸೆಟೆದುಕೊಂಡಿರಲಿಲ್ಲ. ಅಂಗೈ ಮೇಲಾಗಿ, ಬೊಗಸೆಯ ಅರ್ಧದ ಹಾಗೆ ಗುಳಿಬಿದ್ದು, ಕಿರುಬೆರಳು ಸೊಟ್ಟ, ಏನನ್ನೋ ಇಸಕೊಳ್ಳಲು ಚಾಚಿದ ಕೈ. ತೊಳೆಯದ ಕೈ ಅದು. ಬೆರಳಿನ ಗೆರೆಗಳಲ್ಲಿ ಬೂದಿ ಕೂತಿತ್ತು.

ಅವಳು ಮೇಜಿನಿಂದ ಉಪ್ಪಿಲ್ಲದ ರೊಟ್ಟಿಯ ಒಂದು ಚೂರು ಮುರಿದು, ಆ ಅಂಗೈಯ ಗುಳಿಯಲ್ಲಿಟ್ಟಳು. ಅವಳ ಬೆರಳಿಗೆ ಹಿಟ್ಟು ತಾಗಿತು. ಬೆಚ್ಚಗಿತ್ತು. ಅಂಟಿಕೊಳ್ಳಲಿಲ್ಲ. ಗೋಣಿಯನ್ನು ಮತ್ತೆ ಹಾಸಲಿಲ್ಲ, ಮುಚ್ಚುವುದು ಬೇಡವೆನಿಸಿತು.

ತಂಗಿ ಅಂದು ಹೋಗಲಿಲ್ಲ. ಇನ್ನೂ ಎಂಟು ದಿನ ಒಲೆಯ ಪಕ್ಕದಲ್ಲಿಯೇ ಇದ್ದು, ಬಂದವರನ್ನೆಲ್ಲ ಗೇಲಿ ಮಾಡಿ, ಉಪ್ಪಿನ ವಿಷಯವನ್ನು ಊರಿಗೆಲ್ಲ ಹಬ್ಬಿಸಿ, ಆಮೇಲೆ ಹೋದಳು. ರೊಟ್ಟಿಯಕ್ಕ ಅಷ್ಟೂ ದಿನ ಅವಳ ಜೊತೆ ಮಾತಾಡಿದಳು, ನಾದುವಾಗಲೂ.

ಆದರೆ ಆ ರೊಟ್ಟಿ ಮುರಿದ ಮರುದಿನ, ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವ ಮೊದಲು, ತಂಗಿ ಇನ್ನೂ ನಿದ್ದೆಯಲ್ಲಿದ್ದಾಗ, ಅವಳು ಬರಿಗಾಲಲ್ಲಿ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದ್ದಳು. ಹಿಟ್ಟು ಒಣಗಿ ಚಪ್ಪಟೆಯಾಗಿತ್ತು. ಅಂಗೈ ಮುಚ್ಚಿತ್ತು.

ಅವಳು ಅದನ್ನು ತೆರೆದು ನೋಡಲಿಲ್ಲ.